ಗೊಂಬೆಗೆ ತಕ್ಕ ಬಲ

ಗೊಂಬೆಗೆ ತಕ್ಕ ಬಲ: ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಕತೆ ಕಟ್ಟುತ್ತ ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ (ಪಾತ್ರಾಟಗಳಲ್ಲಿ) ಎದುರಾಳಿ ಜೀವಿಯ ಬಲಾಬಲವನ್ನು ಕೈಯಲ್ಲಿರುವ ಗೊಂಬೆಯ ರೂಪಕ್ಕೆ ಹೊಂದಿಸುವ ಪದ್ಧತಿ. ಪುಸ್ತಕದ ರಕ್ಕಸನನ್ನು ಹೋಲುವ ಗೊಂಬೆಯನ್ನು ಅಂಗಡಿಯಲ್ಲಿ ಹುಡುಕಿ ತರುವುದು ಒಂದು ದಾರಿ. ಸಿಕ್ಕ ಗೊಂಬೆಯನ್ನು ಮುಂದಿಟ್ಟುಕೊಂಡು, ಅದರ ಮೈಗಾತ್ರ, ಕೋಡು, ರೆಕ್ಕೆ, ಆಯುಧ ನೋಡಿ ಪುಸ್ತಕದ ಅಂಕಿಗಳನ್ನೇ ತಿದ್ದುವುದು ಇನ್ನೊಂದು. ಈ ಲೇಖನದ ವಿಷಯ ಎರಡನೆಯದು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಯನ್ನು ಇಲ್ಲಿ ಉದಾಹರಣೆಗೆ ಎತ್ತಿಕೊಂಡಿದೆ. ಗೊಂಬೆ ಮಾಡಲು ಎರೆಮಣ್ಣು, ಮಣೆಯಾಗಬಲ್ಲ ಪರಸಿ ಕಲ್ಲು, ಕತೆಗೆ ಒದಗುವ ಪ್ರಾಣಿಗಳು ಮತ್ತು ಸ್ಥಳಪುರಾಣಗಳು ಇಲ್ಲಿ ಒಟ್ಟಿಗೆ ಸಿಗುತ್ತವೆ. ಯಾವ ಕಾಯಿಗೆ ಎಷ್ಟು ಬಲ ಎಂಬ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಬಿಡಿಸಿದ ಹುಲಿ-ಕುರಿ ಆಟವೂ ಇಲ್ಲಿಯದೇ.

ಮಣೆಯ ಮೇಲೆ ಕಣ್ಣಿಗೆ ಕಾಣುವುದನ್ನು ಆಟಗಾರ ನಂಬುತ್ತಾನೆ. ಗೊಂಬೆಯ ಕೈಯಲ್ಲಿ ಗುರಾಣಿ ಇದ್ದರೆ ಅದನ್ನು ಹೊಡೆಯುವುದು ಕಷ್ಟ ಎಂದುಕೊಳ್ಳುತ್ತಾನೆ, ರೆಕ್ಕೆ ಇದ್ದರೆ ಅದು ಹಾರುತ್ತದೆ ಎಂದುಕೊಂಡು ಬಿಲ್ಲು ಹಿಡಿದವನನ್ನು ಮುಂದೆ ತರುತ್ತಾನೆ. ಲೆಕ್ಕದಲ್ಲಿ ಗುರಾಣಿಯೂ ಇಲ್ಲ, ಹಾರಾಟವೂ ಇಲ್ಲ ಎಂದಾದರೆ ಅವನು ಮಾಡಿದ ಯೋಚನೆಯೆಲ್ಲ ದಂಡ. ಕಂಡದ್ದು ಲೆಕ್ಕದಲ್ಲೂ ಇರಬೇಕು, ಲೆಕ್ಕದಲ್ಲಿರುವುದರ ಸುಳಿವು ಮೈಮೇಲೆ ಸಿಗಬೇಕು. ಪದ್ಧತಿಯ ಉಳಿದ ನಿಯಮಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು.

ಅಂಕಿಪಟ್ಟಿ

ಈ ಬಗೆಯ ಆಟಗಳಲ್ಲಿ ಹೆಚ್ಚು ಹೆಸರಾದದ್ದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದರ ಐದನೇ ಆವೃತ್ತಿ 2014ರಲ್ಲಿ ಬಂತು. ಇಲ್ಲಿನ ಲೆಕ್ಕಗಳೆಲ್ಲ ಅದರವು. ಪ್ರತಿ ಜೀವಿಗೂ ಒಂದು ಅಂಕಿಪಟ್ಟಿ ಇರುತ್ತದೆ. ಎಷ್ಟು ಪೆಟ್ಟು ತಿಂದರೆ ಬೀಳುತ್ತದೆ ಎಂಬುದು ಹಿಟ್ ಪಾಯಿಂಟ್, ಅಂದರೆ ಜೀವಾಂಕ. ಅದನ್ನು ಮುಟ್ಟಲು ಇಪ್ಪತ್ತು ಮುಖದ ದಾಳಕ್ಕೆ ಹೊಡೆಯುವವನ ಗುರಿಯ ಅಂಕಿ ಸೇರಿ ಎಷ್ಟಾಗಬೇಕು ಎಂಬುದು ಆರ್ಮರ್ ಕ್ಲಾಸ್, ಅಂದರೆ ಕವಚಾಂಕ. ಇವುಗಳ ಜೊತೆಗೆ ವೇಗ, ಹೊಡೆತದ ಬಲ, ವಿಶೇಷ ಶಕ್ತಿಗಳು ಬರುತ್ತವೆ. ಕೊನೆಗೆ ಚಾಲೆಂಜ್ ರೇಟಿಂಗ್ ಎಂಬ ದರ್ಜೆ: ನಾಲ್ಕು ಜನರ ತಂಡ ಯಾವ ಮಟ್ಟಕ್ಕೆ ಬಂದಾಗ ಈ ಜೀವಿಗೆ ಸರಿಸಾಟಿಯಾಗುತ್ತದೆ ಎಂಬ ಅಂದಾಜು.

ಗೊಂಬೆಗೂ ಪಟ್ಟಿಗೂ ನೇರ ಕೊಂಡಿ ಇರುವುದು ಪೀಠದ ಅಗಲದಲ್ಲಿ. ಮಣೆಯ ಒಂದು ಇಂಚಿನ ಚೌಕ ಕತೆಯ ಲೋಕದಲ್ಲಿ 5 ಅಡಿ. ಮನುಷ್ಯಗಾತ್ರದ ಜೀವಿ ಒಂದು ಚೌಕ ಹಿಡಿಯುತ್ತದೆ. ಎತ್ತಿನಷ್ಟು ದೊಡ್ಡದು ಎರಡೆರಡು ಚೌಕ, ಆನೆಯಷ್ಟು ದೊಡ್ಡದು ಮೂರು ಮೂರು, ಅದಕ್ಕೂ ದೊಡ್ಡದು ನಾಲ್ಕು ನಾಲ್ಕು ಚೌಕ ಹಿಡಿಯುತ್ತವೆ. ಗಾತ್ರ ಬದಲಾದರೆ ಜೀವಾಂಕಕ್ಕೆ ಎಸೆಯುವ ದಾಳವೂ ಬದಲಾಗುತ್ತದೆ: ಚಿಕ್ಕದಕ್ಕೆ ಆರು ಮುಖ, ಮನುಷ್ಯಗಾತ್ರಕ್ಕೆ ಎಂಟು, ದೊಡ್ಡದಕ್ಕೆ ಹತ್ತು, ಭಾರಿಗೆ ಹನ್ನೆರಡು, ಅತಿಭಾರಿಗೆ ಇಪ್ಪತ್ತು. ಪಟ್ಟಿ ತಿದ್ದಲು ಕೂತವರು ಮೊದಲು ಅಳತೆಪಟ್ಟಿ ಹಿಡಿದು ಗೊಂಬೆಯ ಪೀಠ ಅಳೆಯಬೇಕು. ಉಳಿದ ತಿದ್ದುಪಡಿಗಳೆಲ್ಲ ಆಮೇಲಿನ ಮಾತು.

ಚೀಲದಿಂದ ಬಂದ ರಕ್ಕಸರು

ಗೊಂಬೆ ನೋಡಿ ಬಲ ಕೊಡುವ ಪದ್ಧತಿ ಈ ಆಟದ ಹುಟ್ಟಿನಲ್ಲೇ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್, ಜೆಫ್ ಪೆರೆನ್ ಜೊತೆ ಸೇರಿ 1971ರಲ್ಲಿ ‘ಚೈನ್‌ಮೇಲ್’ ಎಂಬ ಯುದ್ಧದಾಟದ ನಿಯಮಪುಸ್ತಕ ತಂದ. ಅದು ಸೀಸದ ಪುಟ್ಟ ಸಿಪಾಯಿಗಳನ್ನಿಟ್ಟು ಆಡುವ ಆಟ. ಅದರ ಹಿಂದೆ 19ನೇ ಶತಮಾನದ ಪ್ರಷ್ಯಾ ಸೇನೆಯ ಯುದ್ಧಾಭ್ಯಾಸದ ಆಟವಿತ್ತು, ಎಚ್. ಜಿ. ವೆಲ್ಸ್ 1913ರಲ್ಲಿ ಬರೆದ ‘ಲಿಟಲ್ ವಾರ್ಸ್’ ಇತ್ತು. ಚೈನ್‌ಮೇಲ್‌ನ ಕೊನೆಯಲ್ಲಿದ್ದ ಅನುಬಂಧ ಡ್ರ್ಯಾಗನ್, ರಾಕ್ಷಸ, ಮಾಂತ್ರಿಕರನ್ನು ಮಣೆಗೆ ತಂದಿತು. ಆದರೆ ಆ ಕಾಲದಲ್ಲಿ ಡ್ರ್ಯಾಗನ್ ಗೊಂಬೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಮಕ್ಕಳಾಡುವ ಪ್ಲಾಸ್ಟಿಕ್ ಡೈನೋಸಾರ್‌ಗಳನ್ನೇ ಕೊಯ್ದು, ಅಂಟಿಸಿ ಡ್ರ್ಯಾಗನ್ ಮಾಡಿಕೊಂಡರು.

ಡೇವ್ ಆರ್ನ್‌ಸನ್ ಜೊತೆಗೂಡಿ ಗೈಗ್ಯಾಕ್ಸ್ 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸಿದ. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಆ ದಿನಗಳಲ್ಲೇ ಹಾಂಗ್‌ಕಾಂಗ್‌ನಲ್ಲಿ ತಯಾರಾದ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಚೀಲವೊಂದು ಅವನ ಕೈಗೆ ಬಂತು. ಚೀಲದ ಮೇಲೆ ಇತಿಹಾಸಪೂರ್ವ ಪ್ರಾಣಿಗಳೆಂದು ಬರೆದಿದ್ದರೂ ಒಳಗಿದ್ದವು ಯಾವ ಕಾಲದ ಪ್ರಾಣಿಯನ್ನೂ ಹೋಲುತ್ತಿರಲಿಲ್ಲ. ಒಂದಕ್ಕೆ ಕೊಕ್ಕೂ ಕರಡಿಯ ಮೈಯೂ ಇದ್ದವು. ಇನ್ನೊಂದು ಬಾಲದ ತುದಿಯಲ್ಲಿ ಫ್ಯಾನಿನ ರೆಕ್ಕೆಯಂಥದ್ದನ್ನು ಹೊತ್ತ ಹುಳು. ಮತ್ತೊಂದರ ಬೆನ್ನು ಚಿಪ್ಪಿನದು. ಇವುಗಳಿಂದ ಹುಟ್ಟಿದವು ಔಲ್‌ಬೇರ್, ರಸ್ಟ್ ಮಾನ್ಸ್ಟರ್ ಮತ್ತು ಬುಲೆಟ್. ಮೊದಲೆರಡು 1975ರ ‘ಗ್ರೇಹಾಕ್’ ಪುರವಣಿಯಲ್ಲಿ ಅಚ್ಚಾದವು. ಮೂರನೆಯದು 1976ರಲ್ಲಿ ‘ದಿ ಡ್ರ್ಯಾಗನ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಬಂತು. ಅದಕ್ಕೆ ಅಂಕಿ ಕೊಟ್ಟವನು ಪತ್ರಿಕೆಯ ಸಂಪಾದಕ ಟಿಮ್ ಕಾಸ್ಕ್.

ಇವುಗಳಲ್ಲಿ ರಸ್ಟ್ ಮಾನ್ಸ್ಟರ್ ಅತ್ಯುತ್ತಮ ಉದಾಹರಣೆ. ಗೊಂಬೆಗೆ ಹೆದರಿಸುವ ಹಲ್ಲಿಲ್ಲ, ಉಗುರಿಲ್ಲ, ವಿಚಿತ್ರ ಬಾಲ ಮಾತ್ರ ಇದೆ. ಹಾಗಾಗಿ ಅದಕ್ಕೆ ಕೊಲ್ಲುವ ಬಲ ಕೊಡದೆ ಕಬ್ಬಿಣವನ್ನು ತುಕ್ಕಾಗಿಸಿ ತಿನ್ನುವ ಬಲ ಕೊಟ್ಟರು. ಐದನೇ ಆವೃತ್ತಿಯಲ್ಲಿ ಅದರ ಜೀವಾಂಕ 27, ದರ್ಜೆ ಅರ್ಧ. ಅಂಥ ಸಣ್ಣ ಜೀವಿಯನ್ನು ಕಂಡರೆ ಉಕ್ಕಿನ ಕವಚ ತೊಟ್ಟ ಹಿರಿಯ ವೀರ ಹಿಂದಕ್ಕೆ ಸರಿಯುತ್ತಾನೆ. ಅಂಕಿಯ ದೊಡ್ಡತನಕ್ಕೂ ಭಯದ ದೊಡ್ಡತನಕ್ಕೂ ಸಂಬಂಧವಿರಲೇಬೇಕೆಂದಿಲ್ಲ ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಜೀವಿ ಇನ್ನೊಂದಿಲ್ಲ. ವಾಡಿ ಜಂಕ್ಷನ್ನಿನಂಥ ಹಳಿಗಳ ಊರನ್ನು ಕತೆಗೆ ತಂದುಕೊಂಡರೆ ಇದಕ್ಕಿಂತ ಒಪ್ಪುವ ರಕ್ಕಸ ಸಿಗಲಾರದು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲುಮಾರ್ಗ ತೆರೆದದ್ದು 1874ರಲ್ಲಿ. ಆ ಕಾಲದ ಕಬ್ಬಿಣದ ದಾರಿಯ ಮೇಲೆ ಮೂವತ್ತು ಅಡಿ ದೂರದಿಂದಲೇ ಕಬ್ಬಿಣದ ವಾಸನೆ ಹಿಡಿಯುವ ಹುಳು ಬಂತೆಂದರೆ ಕತೆ ತಾನೇ ಓಡುತ್ತದೆ.

ಮುಂದೆ ಈ ದಾರಿ ಬೇರೆ ಬೇರೆ ಕಡೆ ಕವಲೊಡೆಯಿತು. 2003ರಲ್ಲಿ ಬಣ್ಣ ಬಳಿದ ಪ್ಲಾಸ್ಟಿಕ್ ಗೊಂಬೆಗಳು ಅಂಕಿಪಟ್ಟಿಯ ಚೀಟಿಯೊಂದಿಗೇ ಮಾರಾಟಕ್ಕೆ ಬಂದವು. ತಿದ್ದುವ ಕೆಲಸ ಅಲ್ಲಿಗೆ ಕಡಿಮೆಯಾಯಿತು. ಇದಕ್ಕೆ ತದ್ವಿರುದ್ಧವಾಗಿ ಇಟಲಿಯ ಆಂಡ್ರಿಯಾ ಸ್ಫಿಲಿಗೋಯಿ ತನ್ನ ‘ಗಣೇಶ ಗೇಮ್ಸ್’ ಹೆಸರಿನಲ್ಲಿ 2007ರಲ್ಲಿ ತಂದ ‘ಸಾಂಗ್ ಆಫ್ ಬ್ಲೇಡ್ಸ್ ಅಂಡ್ ಹೀರೋಸ್’ ಯಾವ ಗೊಂಬೆಯನ್ನಾದರೂ ಆಡಿಸಬಹುದೆಂದಿತು. ಅದರಲ್ಲಿ ಜೀವಿಗೆ ಮುಖ್ಯವಾಗಿ ಎರಡೇ ಅಂಕಿ, ಗುಣಮಟ್ಟ ಮತ್ತು ಕಾದಾಟ. ಉಳಿದದ್ದು ಒಂದೆರಡು ಪದಗಳ ವಿಶೇಷಗುಣ. ಮನೆಯಲ್ಲಿರುವ ಚಿಲ್ಲರೆ ಗೊಂಬೆಗಳಿಂದ ಆಟ ಶುರು ಮಾಡುವವರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗಿಂತ ಇದು ಸುಲಭದ ಬಾಗಿಲು.

ಕಾಯಿಯ ಮೈ, ಕಾಯಿಯ ನಡೆ

ಗೊಂಬೆಯ ಅಂಗಾಂಗ ನೋಡಿ ಅದರ ನಡೆ ಗೊತ್ತುಮಾಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್ ಬಿರೂನಿ ಇಲ್ಲಿನ ಚದುರಂಗದ ಆನೆ ಐದು ಕಡೆ ಒಂದೊಂದು ಮನೆ ಸರಿಯುತ್ತದೆ ಎನ್ನುತ್ತಾನೆ. ಮುಂದಕ್ಕೆ ಒಂದು, ನಾಲ್ಕು ಮೂಲೆಗೆ ನಾಲ್ಕು. ಅವನು ಕೊಡುವ ಕಾರಣ ನೇರವಾಗಿದೆ: ಒಂದು ಸೊಂಡಿಲು, ನಾಲ್ಕು ಕಾಲು. ಕಾಯಿಯ ಮೈಯೇ ಅದರ ನಿಯಮ. ಇದಾದ ಒಂದು ಶತಮಾನಕ್ಕೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದಾಗ ಅದರ ಐದು ಭಾಗಗಳಲ್ಲಿ ಒಂದನ್ನು ಇಡಿಯಾಗಿ ಕ್ರೀಡೆಗಳಿಗೆ ಕೊಟ್ಟು, ಚದುರಂಗ, ಪಗಡೆ, ಕವಡೆಯಾಟಗಳನ್ನು ವಿವರಿಸಿದ. ಸೇಡಂ, ಚಿತ್ತಾಪುರಗಳು ಆಗ ಅವನ ರಾಜ್ಯದ ನಡುಭಾಗ. ಈ ಸೀಮೆಯವರು ಆಟದ ನಿಯಮಶಾಸ್ತ್ರವನ್ನು ಹೊರಗಿನಿಂದ ಕಲಿಯಬೇಕಾಗಿಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ದಶಾವತಾರ ಗಂಜೀಫ ಎಂಬ ಎಲೆಯಾಟದಲ್ಲಿ ಚಿತ್ರವೇ ಬಲ. ಹತ್ತು ಅವತಾರಗಳಿಗೆ ಹನ್ನೆರಡರಂತೆ 120 ಎಲೆ. ಐದು ಅವತಾರಗಳ ಎಲೆಗಳಲ್ಲಿ ರಾಜ, ಮಂತ್ರಿಗಳ ನಂತರ ಒಂದು ಹೆಚ್ಚು, ಹತ್ತು ಕಡಿಮೆ. ಉಳಿದ ಐದರಲ್ಲಿ ಅದು ತಿರುಗುಮುರುಗು. ಹಗಲು ರಾಮನ ರಾಜ ಇರುವವರು, ರಾತ್ರಿ ಕೃಷ್ಣನ ರಾಜ ಇರುವವರು ಆಟ ಶುರುಮಾಡುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಇದೇ ಜಾಡಿನಲ್ಲಿ ತಮ್ಮದೇ ಎಲೆಯಾಟಗಳನ್ನು ಕಟ್ಟಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳನ್ನು ದಾಖಲಿಸಿದರು.

ಆದರೂ ಇಲ್ಲಿಯ ವಿಷಯಕ್ಕೆ ತೀರ ಹತ್ತಿರದ್ದು ಹುಲಿ-ಕುರಿ ಆಟ. ಆಡು-ಹುಲಿ ಎಂದೂ ಹೆಸರುಂಟು. ಹೆಚ್ಚು ಬಳಕೆಯ ಮುಕ್ಕೋನದ ಮಣೆಯಲ್ಲಿ ಗೆರೆಗಳು ಕೂಡುವ 23 ಮನೆಗಳು, ಮೂರು ಹುಲಿ, ಹದಿನೈದು ಕುರಿ. ಹುಲಿ ಪಕ್ಕದ ಕುರಿಯ ಮೇಲಿಂದ ಆಚೆಯ ಖಾಲಿ ಮನೆಗೆ ಹಾರಿ ಅದನ್ನು ತಿನ್ನುತ್ತದೆ. ಕುರಿಗೆ ತಿನ್ನುವ ಬಲವಿಲ್ಲ, ಸುತ್ತುಗಟ್ಟಿ ಹುಲಿಯ ದಾರಿ ಮುಚ್ಚುವ ಬಲ ಮಾತ್ರ. ಎಲ್ಲ ಕುರಿಗಳನ್ನು ಮಣೆಗೆ ಇಳಿಸುವ ತನಕ ಒಂದನ್ನೂ ಸರಿಸುವಂತಿಲ್ಲ. ಮಣೆಗೆ ಶಹಾಬಾದಿನ ಪರಸಿಗಿಂತ ಒಳ್ಳೆಯದು ಬೇಕಿಲ್ಲ: ಭೀಮಾ ಕಣಿವೆಯ ಈ ಸುಣ್ಣಕಲ್ಲು ಪದರ ಪದರವಾಗಿ ಏಳುತ್ತದೆ, ಮೈ ಸಪಾಟು, ಬಳಪದ ಗೆರೆ ಅದರ ಮೇಲೆ ಎದ್ದು ಕಾಣುತ್ತದೆ. ಹುಲಿಗೆ ದಪ್ಪ ಹರಳು, ಕುರಿಗೆ ಹುಣಸೆಬೀಜ ಸಾಕು.

ಹುಲಿಯ ಕಾಯಿ ಹುಲಿಯಂತಿಲ್ಲ ಎಂಬುದು ಇಲ್ಲಿ ಕೊರತೆಯಾಗಿ ಕಾಣುವುದಿಲ್ಲ. ದಪ್ಪ ಕಲ್ಲು ಸಣ್ಣ ಬೀಜಗಳ ನಡುವೆ ಇದೆ ಎಂಬಷ್ಟೇ ಗುರುತು ಸಾಕಾಗುತ್ತದೆ. ಆಟಕ್ಕೆ ತೂಕ ಬರುವುದು ಕಾಯಿಗಳ ಎಣಿಕೆಯಿಂದ. ಮಣೆ ಬದಲಾದರೆ ಹುಲಿ, ಕುರಿಗಳ ಎಣಿಕೆಯನ್ನೂ ಬದಲಿಸಿಕೊಳ್ಳುತ್ತಾರೆ. ನೇಪಾಳದ ಬಾಘ್-ಚಾಲ್‌ನಲ್ಲಿ 25 ಮನೆಗೆ ನಾಲ್ಕು ಹುಲಿ, ಇಪ್ಪತ್ತು ಆಡು. ಇದು ಒಂಟಿ ಕಾಯಿಯ ಬಲವನ್ನು ಮುಟ್ಟದೆ ಇಡೀ ಆಟದ ಸಮತೋಲ ಕಾಯುವ ಜಾಣತನ. ಪಾತ್ರಾಟದ ಪುಸ್ತಕಗಳು ಇದನ್ನು ಇನ್ನಷ್ಟು ಕಲಿಯಬೇಕಿತ್ತು ಎನಿಸುತ್ತದೆ.

ಎರಡು ಆಟಗಳ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ, ಅಂಕಿ ತಿದ್ದುವವರು ಅದನ್ನು ಮರೆಯಬಾರದು. ಹುಲಿ-ಕುರಿಯಲ್ಲಿ ಕುರಿ ಎಷ್ಟೇ ಇದ್ದರೂ ಆ ಕಡೆಯವರಿಗೆ ಒಂದು ಸಲಕ್ಕೆ ಒಂದೇ ನಡೆ. ಹುಲಿಯ ಕಡೆಗೂ ಒಂದೇ. ಪಾತ್ರಾಟದಲ್ಲಿ ಹಾಗಲ್ಲ, ಮಣೆಯ ಮೇಲಿನ ಪ್ರತಿ ಗೊಂಬೆಗೂ ತನ್ನದೇ ಸರದಿ. ಐದು ಜನ ವೀರರ ಎದುರು ಒಂಟಿ ದೊಡ್ಡ ಗೊಂಬೆ ನಿಂತರೆ ಅದು ಒಮ್ಮೆ ಹೊಡೆಯುವಷ್ಟರಲ್ಲಿ ಐದು ಸಲ ಪೆಟ್ಟು ತಿಂದಿರುತ್ತದೆ. ಭವ್ಯವಾದ ಗೊಂಬೆ ಎರಡೇ ಸುತ್ತಿಗೆ ಉರುಳಿಬೀಳುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ. ಜೀವಾಂಕ ಏರಿಸುತ್ತ ಹೋದರೆ ಕಾಳಗ ಉದ್ದವಾಗಿ ಬೇಸರ ಹುಟ್ಟುತ್ತದೆ, ಸರದಿಯ ಅಭಾವ ನೀಗುವುದಿಲ್ಲ. ಐದನೇ ಆವೃತ್ತಿ ಹಿರಿಯ ಡ್ರ್ಯಾಗನ್‌ಗಳಂಥ ಜೀವಿಗಳಿಗೆ ಇತರರ ಸರದಿಯ ಕೊನೆಯಲ್ಲಿ ಬಳಸಲು ಸುತ್ತಿಗೆ ಮೂರು ಲೆಜೆಂಡರಿ ಆಕ್ಷನ್ ಕೊಟ್ಟದ್ದು ಈ ರೋಗಕ್ಕೇ ಮದ್ದು.

ಅಂಗಾಂಗಕ್ಕೆ ಅಂಕಿ

ಗೊಂಬೆಯ ಮೈಯನ್ನು ಓದುವ ಕ್ರಮ ಪುಸ್ತಕದ ಜೀವಿಗಳಿಂದಲೇ ಕಲಿಯಬಹುದು. ಗಾಬ್ಲಿನ್ ಎಂಬ ಪುಟ್ಟ ಜೀವಿಯ ಕವಚಾಂಕ 15. ಚರ್ಮದ ಅಂಗಿಗೆ 11, ಚುರುಕಿಗೆ 2, ಗುರಾಣಿಗೆ 2 ಸೇರಿ ಆದದ್ದು ಅದು. ನಿಮ್ಮ ಗಾಬ್ಲಿನ್ ಎರಡೂ ಕೈಯಲ್ಲಿ ಬಿಲ್ಲು ಹಿಡಿದು ನಿಂತಿದ್ದರೆ ಗುರಾಣಿ ಎಲ್ಲಿಂದ ಬಂತು? 13 ಎಂದು ಬರೆದುಕೊಳ್ಳಿ. ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂಕಿ ಎಂದರೆ ನೂರಕ್ಕೆ ಐದರ ವ್ಯತ್ಯಾಸ. ಗುರಾಣಿ ತೆಗೆದರೆ ಅದನ್ನು ಹೊಡೆಯುವ ಸಂಭವ ನೂರಕ್ಕೆ ಹತ್ತು ಹೆಚ್ಚುತ್ತದೆ. ಆಯುಧವೂ ಹೀಗೆಯೇ. ಒಂದು ಗಾತ್ರ ದೊಡ್ಡದಾದ ಜೀವಿಯ ಕೈಯಲ್ಲಿ ಆಯುಧದ ದಾಳ ಇಮ್ಮಡಿಯಾಗುತ್ತದೆ: ಮನುಷ್ಯನ ದೊಣ್ಣೆಗೆ ಒಂದು ಎಂಟು ಮುಖದ ದಾಳವಾದರೆ ಓಗರ್ ಎಂಬ ರಕ್ಕಸನ ದೊಣ್ಣೆಗೆ ಎರಡು. ರೆಕ್ಕೆಯ ಲೆಕ್ಕ ಸ್ವಲ್ಪ ಸೂಕ್ಷ್ಮ. ಹಾರುತ್ತ ದೂರದಿಂದ ಹೊಡೆಯಬಲ್ಲ ಜೀವಿ 10ರವರೆಗಿನ ದರ್ಜೆಯದಾದರೆ, ದರ್ಜೆ ಕಟ್ಟುವಾಗ ಅದರ ಕವಚಾಂಕವನ್ನು 2 ಹೆಚ್ಚೆಂದು ಎಣಿಸಬೇಕು. ಹಾರಿ ಕೆಳಗಿಳಿದು ಕಚ್ಚುವುದಷ್ಟೇ ಆದರೆ ಎಣಿಸಬೇಕಿಲ್ಲ.

ತಲೆ ಹೆಚ್ಚಿದ್ದರೆ? ಎರಡು ತಲೆಯ ಎಟ್ಟಿನ್ ಎಂಬ ದೈತ್ಯನಿಗೆ ಸುತ್ತ ನೋಡುವುದರಲ್ಲೂ, ಮಂಕು ಕವಿಯುವುದನ್ನು ತಡೆಯುವುದರಲ್ಲೂ ಅನುಕೂಲ ಉಂಟು. ಕರ್ನಾಟಕದವರಿಗೆ ಎರಡು ತಲೆ ಎಂದೊಡನೆ ನೆನಪಾಗುವುದು ಗಂಡಭೇರುಂಡ. ಕಿನ್ನಾಳದ ಕುಸುರಿಯಂಥ ಬಣ್ಣದ ಮರದ ಗಂಡಭೇರುಂಡವೊಂದು ಸಿಕ್ಕರೆ ಎಟ್ಟಿನ್‌ನ ಎಚ್ಚರ, ಎರಡು ಕೊಕ್ಕಿಗೆ ಎರಡು ಕಚ್ಚು, ಆನೆಯನ್ನೂ ಎತ್ತುವ ಹಕ್ಕಿ ಎಂಬ ಕಲ್ಪನೆಗೆ ತಕ್ಕ ಹಿಡಿತ ಕೊಡಬೇಕು. ಮಕರವೂ ಇಂಥದ್ದೇ: ಸೊಂಡಿಲು, ಮೊಸಳೆಯ ಬಾಯಿ, ನವಿಲುಗರಿಯಂಥ ಬಾಲ. ಚಾಲುಕ್ಯ ಶಿಲ್ಪಿಗಳು ಕೆತ್ತಿದ ಮಕರ ತೋರಣ ನೋಡಿದವರಿಗೆ ಮೊಸಳೆಯ ಅಂಕಿಪಟ್ಟಿಯನ್ನು ಹಾಗೇ ಎತ್ತಿ ಕೂಡಿಸಿದರೆ ಸಾಲದು ಎಂದು ಗೊತ್ತಾಗುತ್ತದೆ. ಸೊಂಡಿಲಿಗೆ ಹತ್ತು ಅಡಿಯ ಚಾಚು ಬೇಕು, ಬಾಯಿಗೆ ಹಿಡಿದು ಬಿಡದ ಗುಣ ಬೇಕು. ಬಾಲ ಬರಿ ಅಲಂಕಾರ. ಅದಕ್ಕೆ ಬಲ ಕೊಡಬೇಡಿ. ಒಂದು ಗೊಂಬೆಗೆ ಎರಡು ವಿಶೇಷಗುಣ ದಾಟಿದರೆ ಆಟ ನಡೆಸುವವರಿಗೆ ನೆನಪಿರುವುದಿಲ್ಲ, ಆಡುವವರಿಗೆ ತಿಳಿಯುವುದೂ ಇಲ್ಲ.

ಕೈಯಲ್ಲಿ ಏನೂ ಹಿಡಿಯದ, ಬರಿ ಶಲ್ಯ ಹೊದ್ದ ಮನುಷ್ಯನ ಗೊಂಬೆಯನ್ನು ಹಲವರು ಮೂಲೆಗಿಡುತ್ತಾರೆ. ಅದು ತಪ್ಪು. ಸೇಡಂನ 12ನೇ ಶತಮಾನದ ಶಾಸನ ಇಲ್ಲಿನ ಮುನ್ನೂರು ಮಹಾಜನರನ್ನು ಅಭಿಚಾರ ಹೋಮದಿಂದ ಕಂಚಿಯ ಬಾಗಿಲನ್ನೇ ಒಡೆದವರೆಂದು ಹೊಗಳುತ್ತದೆ. ಅಂಥವರ ಬಲ ಮಂತ್ರದಲ್ಲಿದೆ. ಪುಸ್ತಕದ ಮಾಂತ್ರಿಕನಿಗೆ ಜೀವಾಂಕ 40, ಬರಿಮೈ ಕವಚಾಂಕ 12 ಆದರೂ ದರ್ಜೆ 6.

ಎರೆಮಣ್ಣು ಮತ್ತು ಕಾಡು

ಕಾರಹುಣ್ಣಿಮೆ ಕಳೆದು ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಈ ಸೀಮೆಯ ಮನೆಗಳಲ್ಲಿ ಎರೆಮಣ್ಣಿನ ಜೋಡೆತ್ತು ಮಾಡಿ ಪೂಜಿಸುತ್ತಾರೆ, ಮುಂದೆ ಗೋದಲಿ ಇಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವ ಎಂಬ ದೇವತೆಯ ಮಣ್ಣಿನ ಮೂರ್ತಿ ಮಾಡುತ್ತಾರೆ. ಬೆರಳೆತ್ತರದ ಮೂರ್ತಿಗೆ ಕೋಡು ಕೂಡಿಸುವುದು, ಒಣಗುವಾಗ ಬಿರುಕು ಬಿಡದಂತೆ ನೋಡಿಕೊಳ್ಳುವುದು ಇಲ್ಲಿನ ಮಕ್ಕಳಿಗೆ ಗೊತ್ತಿರುವ ಕೆಲಸ. ಅದೇ ಕೈಗಳು ಬೇರೆ ದಿನ, ಬೇರೆ ಮಣ್ಣಿನಲ್ಲಿ ಆಟದ ಗೊಂಬೆ ಮಾಡಬಲ್ಲವು. ಬೇರೆ ದಿನ, ಬೇರೆ ಮಣ್ಣು ಎಂಬುದಕ್ಕೆ ಒತ್ತು ಕೊಡಬೇಕು: ಪೂಜೆ ಮಾಡಿದ ಎತ್ತನ್ನಾಗಲಿ ಗುಳ್ಳವ್ವನನ್ನಾಗಲಿ ಕಾಳಗದ ಮಣೆಗೆ ತರಬಾರದು. ದೇವರ ಮೂರ್ತಿಗೆ ಜೀವಾಂಕ ಬರೆದು ಹೊಡೆದುರುಳಿಸುವುದು ಆ ಮನೆಯವರ ಭಕ್ತಿಯನ್ನು ನೋಯಿಸುತ್ತದೆ. ಕತೆಯಲ್ಲಿ ದೇವತೆಗೆ ಜಾಗವಿರಲಿ, ಅಂಕಿಪಟ್ಟಿ ಬೇಡ.

ಸನ್ನತಿಯ ಚಂದ್ರಲಾಪರಮೇಶ್ವರಿಯ ಸ್ಥಳಪುರಾಣದಿಂದ ಈ ಮಾತು ಸ್ಪಷ್ಟವಾಗುತ್ತದೆ. ಚಿತ್ತಾಪುರ ಸೀಮೆಯ ಈ ಭೀಮಾತೀರದ ಕ್ಷೇತ್ರದಲ್ಲಿ ದೇವಿಯ ಭ್ರಮರಗಳು ಸೇತುರಾಜನೆಂಬ ದೊರೆಯ ಸೈನ್ಯದ ಮೇಲೆ ಎರಗಿದವೆಂದು ಕತೆ. ಆಟಕ್ಕೆ ತೆಗೆದುಕೊಳ್ಳಬೇಕಾದದ್ದು ದುಂಬಿಗಳ ಹಿಂಡನ್ನು. ಒಂದು ಇಂಚಿನ ಪೀಠಕ್ಕೆ ತೊಗರಿಕಾಳು ಅಂಟಿಸಿ ಕರಿಬಣ್ಣ ಬಳಿದರೆ ಹಿಂಡಿನ ಗೊಂಬೆ ಸಿದ್ಧ. ಪುಸ್ತಕದ ಕೀಟಗಳ ಹಿಂಡಿಗೆ ಜೀವಾಂಕ 22, ಕವಚಾಂಕ 12. ಕತ್ತಿ, ಬಾಣ, ದೊಣ್ಣೆಯ ಪೆಟ್ಟು ಅರ್ಧ ಮಾತ್ರ ತಾಗುತ್ತದೆ, ಏಕೆಂದರೆ ಹಿಂಡನ್ನು ಕತ್ತಿಯಿಂದ ಕೊಯ್ಯಲಾಗದು. ಅರ್ಧ ಜೀವಾಂಕ ಕಳೆದಮೇಲೆ ಅದರ ಕಚ್ಚು ನಾಲ್ಕು ದಾಳದಿಂದ ಎರಡಕ್ಕೆ ಇಳಿಯುತ್ತದೆ. ಆಗ ಪೀಠದ ಮೇಲೆ ಕಾಳು ಕಡಿಮೆ ಇರುವ ಇನ್ನೊಂದು ಗೊಂಬೆಯನ್ನು ಅದರ ಜಾಗಕ್ಕೆ ಇಟ್ಟರೆ ಅಂಕಿ ಹೇಳದೆಯೇ ಎಲ್ಲರಿಗೂ ತಿಳಿಯುತ್ತದೆ.

ಚಿಂಚೋಳಿಯ ಕಾಡಿನಲ್ಲಿ ಇಂದು ಹುಲಿಯಿಲ್ಲ. ತೋಳ, ಕತ್ತೆಕಿರುಬ, ನರಿಗಳಿವೆ. ಕುರಿಹಟ್ಟಿಯವರ ಚಿಂತೆ ತೋಳದ್ದೇ. ಪುಸ್ತಕದ ತೋಳಕ್ಕೆ ಜೀವಾಂಕ 11, ದರ್ಜೆ ಕಾಲು. ಅದರ ಬಲವೆಲ್ಲ ಜೊತೆಗಾರನ ಪಕ್ಕದಲ್ಲಿದ್ದಾಗ ಗುರಿ ತಪ್ಪುವುದು ಕಡಿಮೆಯಾಗುವ ಗುಣದಲ್ಲಿದೆ. ಕೈಯಲ್ಲಿ ಒಂದೇ ತೋಳದ ಗೊಂಬೆ, ಅದೂ ಎರಡು ಇಂಚಿನ ಪೀಠದ್ದು ಇದ್ದರೆ ಆ ಗುಣ ವ್ಯರ್ಥ. ಆಗ ಪೀಠದ ಗಾತ್ರಕ್ಕೆ ತಕ್ಕ ಡೈರ್ ವುಲ್ಫ್ ಎಂಬ ದೊಡ್ಡ ತೋಳದ ಪಟ್ಟಿ ತೆಗೆದುಕೊಂಡು, ಜೀವಾಂಕ 37 ಇಟ್ಟು, ಹಿಂಡಿನ ಗುಣ ತೆಗೆದು ಒಂಟಿ ಬೇಟೆಗಾರನ ಹೊಂಚು ಕೊಡುವುದು ಸರಿ. ಹಿಂಡು ತಪ್ಪಿದ ಮುದಿ ತೋಳ ಎಂಬ ಕತೆ ಅದರೊಂದಿಗೇ ಬರುತ್ತದೆ.

ಪರಸಿಯ ಕಾವಲುಗಾರ

ಪೂರ್ತಿ ಲೆಕ್ಕ ತೋರಿಸಲು ಒಂದೇ ಗೊಂಬೆಯನ್ನು ವಿವರವಾಗಿ ನೋಡೋಣ. ಶಹಾಬಾದಿನ ಗಣಿಗಳ ಬದಿಯಲ್ಲಿ ಬಿದ್ದಿರುವಂಥ ತೆಳು ಚಕ್ಕೆಗಳನ್ನು ಒಂದರ ಮೇಲೊಂದು ಅಂಟಿಸಿ ಮನುಷ್ಯಾಕೃತಿ ಮಾಡಿದ್ದೇವೆ, ಎರಡು ಇಂಚಿನ ಪೀಠ, ಬರಿಗೈ. ಪುಸ್ತಕದಲ್ಲಿ ಇದಕ್ಕೆ ಹತ್ತಿರದ್ದು ಮಂತ್ರದಿಂದ ನಡೆದಾಡುವ ಮೂರ್ತಿಯಾದ ಕಲ್ಲಿನ ಗೋಲೆಮ್. ಅದರ ಕವಚಾಂಕ 17, ಜೀವಾಂಕ 178, ದರ್ಜೆ 10. ಮೂರನೇ ಮಟ್ಟದ ನಾಲ್ವರು ವೀರರಿಗೆ ಇದು ಸಾವೇ ಸರಿ.

ತಿದ್ದೋಣ. ಗಾತ್ರ ದೊಡ್ಡದು, ಹಾಗಾಗಿ ಹತ್ತು ಮುಖದ ದಾಳ ಹಾಗೇ ಇರಲಿ, ಆದರೆ ಹದಿನೇಳರ ಬದಲು ಎಂಟು. ಒಂದು ದಾಳದ ಸರಾಸರಿ ಐದೂವರೆ, ಎಂಟಕ್ಕೆ 44. ಕಲ್ಲಿನ ಗಟ್ಟಿತನಕ್ಕೆ ದಾಳಕ್ಕೆ ಐದರಂತೆ 40 ಸೇರಿ ಜೀವಾಂಕ 84. ಕವಚಾಂಕ 16 ಇರಲಿ. ಬಲ 18, ಅಂದರೆ ಹೊಡೆತಕ್ಕೆ 4. ಪರಿಣತಿಯ 2 ಸೇರಿ ಗುರಿಗೆ 6. ಒಂದು ಸರದಿಗೆ ಎರಡು ಬಡಿತ, ಒಂದೊಂದಕ್ಕೆ ಎರಡು ಎಂಟು ಮುಖದ ದಾಳ ಮತ್ತು 4, ಸರಾಸರಿ 13. ಎರಡೂ ತಾಗಿದರೆ 26. ಆಟ ನಡೆಸುವವರ ಕೈಪಿಡಿಯಾದ ಡಂಜನ್ ಮಾಸ್ಟರ್ಸ್ ಗೈಡ್‌ನ ಕೋಷ್ಟಕದಲ್ಲಿ 84 ಜೀವಾಂಕ ದರ್ಜೆ 1ಕ್ಕೆ ಬರುತ್ತದೆ. ಕವಚಾಂಕ ಅಲ್ಲಿನ 13ಕ್ಕಿಂತ 3 ಹೆಚ್ಚು. ಪ್ರತಿ ಎರಡಕ್ಕೆ ಒಂದರಂತೆ ಏರಿಸಿದರೆ ತಡೆಯುವ ದರ್ಜೆ 2. ಸುತ್ತಿಗೆ 26 ಪೆಟ್ಟು ದರ್ಜೆ 3ಕ್ಕೆ. ಗುರಿ ಅಲ್ಲಿನ 4ಕ್ಕಿಂತ 2 ಹೆಚ್ಚಾದ್ದರಿಂದ ಹೊಡೆಯುವ ದರ್ಜೆ 4. ಎರಡರ ಸರಾಸರಿ 3. ಆ ದರ್ಜೆಗೆ 700 ಅನುಭವಾಂಕ. ಮೂರನೇ ಮಟ್ಟದ ನಾಲ್ವರಿಗೆ 600 ಎಂದರೆ ನಡುಮಟ್ಟದ ಕಾಳಗ, 900 ಎಂದರೆ ಕಠಿಣ. ನಮ್ಮ ಕಾವಲುಗಾರ ಇವೆರಡರ ನಡುವೆ ನಿಂತ.

ಇಷ್ಟಾದರೂ ಇವನು ಇನ್ನೂ ಯಾವ ಊರಿನ ಕಲ್ಲೂ ಅಲ್ಲ. ಅವನನ್ನು ಶಹಾಬಾದಿನವನಾಗಿಸುವುದು ಕಲ್ಲಿನ ಗುಣ. ಪರಸಿ ಸುಣ್ಣಕಲ್ಲು, ಆಮ್ಲ ಬಿದ್ದರೆ ನೊರೆಯುಕ್ಕಿ ಕರಗುತ್ತದೆ. ಆದ್ದರಿಂದ ಆಮ್ಲದ ಪೆಟ್ಟು ಇವನಿಗೆ ಇಮ್ಮಡಿ. ಪದರದ ಗುಂಟ ಉಳಿ ಇಟ್ಟು ಬಡಿದರೆ ಕಲ್ಲು ಚಪ್ಪಟೆಯಾಗಿ ಏಳುತ್ತದೆ, ಹಾಗಾಗಿ ಗುಡುಗಿನ ಮಂತ್ರವೂ ಇಮ್ಮಡಿ. ಬೆಂಕಿಗೆ ರಿಯಾಯಿತಿ ಬೇಡವೇ ಎಂದು ಕೇಳಬಹುದು. ಇದೇ ಕಲ್ಲನ್ನು ಸುಟ್ಟು ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟು ಮಾಡುವುದನ್ನು ನೋಡಿದವರು ಬೆಂಕಿಗೆ ಅವನು ಜಗ್ಗುವುದಿಲ್ಲ ಎಂದು ಬರೆಯಲಾರರು. ಸಾಮಾನ್ಯ ಬೆಂಕಿ ಮಾಮೂಲಿ ಪೆಟ್ಟು ಕೊಡಲಿ. ಈ ದೌರ್ಬಲ್ಯಗಳನ್ನು ಆಟಗಾರರು ಊಹಿಸುವಂತಿರಬೇಕು: ಗೊಂಬೆಯ ಪಕ್ಕ ಪದರ ಕಾಣುವಂತಿರಲಿ, ಕಾವಲುಗಾರನ ಕಾಲ ಬಳಿ ಹುಳಿನೀರು ಬಿದ್ದು ತೂತಾದ ಹಾಸುಗಲ್ಲೊಂದನ್ನು ಆಟ ನಡೆಸುವವರು ವರ್ಣಿಸಲಿ. ಗಣಿ ಕೆಲಸದ ಮನೆಯ ಮಗು ಮೇಜಿನಲ್ಲಿದ್ದರೆ ಅದಕ್ಕೆ ಸುಳಿವೇ ಬೇಕಾಗದು. ತನ್ನ ಊರಿನ ತಿಳಿವಳಿಕೆಯಿಂದ ರಕ್ಕಸನನ್ನು ಗೆದ್ದ ಆಟಗಾರನ ಸಂತೋಷ ಪುಸ್ತಕದ ಯಾವ ಗೋಲೆಮ್ ಕೂಡ ಕೊಡಲಾರದು.

ಲೆಕ್ಕ ಎಷ್ಟೇ ನೆಟ್ಟಗಿದ್ದರೂ ಮೇಜಿನ ಮೇಲೆ ಒಮ್ಮೆ ಆಡಿಸಿ ನೋಡದೆ ಹೇಳಲಾಗದು. ಆಟದ ನಡುವೆ ತಿದ್ದಬೇಕಾಗಿ ಬಂದರೆ ಜೀವಾಂಕವೊಂದೇ ಸುರಕ್ಷಿತ. ಓಗರ್‌ಗೆ ಪುಸ್ತಕ ಕೊಡುವ 59 ಬರಿ ಸರಾಸರಿ; ಏಳು ದಾಳಗಳನ್ನು ನಿಜವಾಗಿ ಎಸೆದರೆ 28ರಿಂದ 91ರವರೆಗೆ ಏನೂ ಬೀಳಬಹುದು, ಅಷ್ಟೂ ನಿಯಮದ ಒಳಗೇ ಇದೆ. ಕವಚಾಂಕವನ್ನು ಮಾತ್ರ ನಡುವೆ ಮುಟ್ಟಬಾರದು. ಎರಡು ಸಲ 16 ಬಿದ್ದು ತಾಗಿದ್ದನ್ನು ಕಂಡವರು ಮೂರನೇ 16 ತಪ್ಪಿತೆಂದರೆ ಆ ಮಣೆಯ ಮೇಲೆ ಮುಂದೆ ಯಾವ ಗೊಂಬೆಯನ್ನೂ ನಂಬುವುದಿಲ್ಲ.

ಕನ್ನಡದಲ್ಲಿ ಅಚ್ಚಿಗೆ

ಹೀಗೆ ತಿದ್ದಿದ ಪಟ್ಟಿಗಳನ್ನು ಅಚ್ಚು ಹಾಕಬಹುದೇ ಎಂಬುದು ಬಹುಕಾಲ ತೊಡಕಿನ ಪ್ರಶ್ನೆಯಾಗಿತ್ತು. 2023ರ ಜನವರಿಯಲ್ಲಿ ಐದನೇ ಆವೃತ್ತಿಯ ಮೂಲ ನಿಯಮಸಂಗ್ರಹ, ಎಸ್‌ಆರ್‌ಡಿ 5.1, ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಳಪಟ್ಟಿತು. ಪರಿಷ್ಕೃತ ನಿಯಮಗಳ 5.2 ಸಂಗ್ರಹವೂ 2025ರಲ್ಲಿ ಅದೇ ಪರವಾನಗಿಯಲ್ಲಿ ಬಂತು. ಮೂಲವನ್ನು ಹೆಸರಿಸುವ ಸಾಲನ್ನು ಸೇರಿಸಿದರೆ ಯಾರು ಬೇಕಾದರೂ ಅದನ್ನು ಕನ್ನಡಿಸಬಹುದು, ತಿದ್ದಬಹುದು, ಮಾರಲೂಬಹುದು. ಪುಸ್ತಕದ ಎಲ್ಲ ಜೀವಿಗಳೂ ಅದರಲ್ಲಿಲ್ಲ. ಬಿಹೋಲ್ಡರ್, ಮೈಂಡ್ ಫ್ಲೇಯರ್‌ಗಳನ್ನು ಆಟವನ್ನು ಪ್ರಕಟಿಸುವ ಕಂಪನಿ ತನ್ನಲ್ಲೇ ಇಟ್ಟುಕೊಂಡಿದೆ. ಹಾಂಗ್‌ಕಾಂಗ್‌ನ ಆ ಪ್ಲಾಸ್ಟಿಕ್ ಗೊಂಬೆಗಳಿಂದಲೇ ಹುಟ್ಟಿತೆನ್ನಲಾಗುವ ಅಂಬರ್ ಹಲ್ಕ್ ಕೂಡ 5.1ರ ಹೊರಗೇ ಉಳಿದಿದೆ. ಔಲ್‌ಬೇರ್, ರಸ್ಟ್ ಮಾನ್ಸ್ಟರ್, ಬುಲೆಟ್ ಮೂರೂ ಒಳಗಿವೆ. ಕಲ್ಲಿನ ಗೋಲೆಮ್, ಎಟ್ಟಿನ್, ಡೈರ್ ವುಲ್ಫ್, ಕೀಟಗಳ ಹಿಂಡು ಸಹ ಇರುವುದರಿಂದ ಈ ಲೇಖನದಲ್ಲಿ ಬಂದ ತಿದ್ದುಪಡಿಗಳನ್ನು ಆಧಾರವಾಗಿಟ್ಟುಕೊಂಡು ಕನ್ನಡದ ಪಟ್ಟಿಯೊಂದನ್ನು ಸಿದ್ಧಪಡಿಸಲು ಇಂದು ಯಾರ ಅನುಮತಿಯೂ ಬೇಕಿಲ್ಲ.